ಓಲೆಗರಿ ಓದಲು ಕಲಿಸಿದ ಗುರು: ಡಿ.ಎಲ್. ನರಸಿಂಹಾಚಾರ್

ಡಿ.ಎಲ್. ನರಸಿಂಹಾಚಾರ್ ಅವರು 1906ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಜನಿಸಿದರು. ಹುಟ್ಟಿನಿಂದ ಜೈನರಲ್ಲ. ಆದರೂ ಜೈನ ಗ್ರಂಥಗಳನ್ನು ಅವರಷ್ಟು ಶ್ರದ್ಧೆಯಿಂದ ಓದಿದವರು ಜೈನ ಸಮಾಜದಲ್ಲೂ ವಿರಳ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಓಲೆಗರಿಗಳ ನಡುವೆ ಪಳಗಿ, ನಂತರ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು. ಅವರು ಸಂಪಾದಿಸಿದ ‘ವಡ್ಡಾರಾಧನೆ’ 1949ರಲ್ಲಿ ಪ್ರಕಟವಾಯಿತು. ಸುಕುಮಾರಸ್ವಾಮಿ ಮೊದಲಾದ 19 ಮಹಾಪುರುಷರ ಕಥೆಗಳಿಗೆ ನಂಬಬಹುದಾದ ಪಾಠ ದೊರೆತದ್ದು ಹೀಗೆ.

ಗ್ರಂಥ ಅಚ್ಚಾದರೆ ಸಾಲದು, ಅದನ್ನು ಓದಿ ಕಲಿಸಬಲ್ಲವರೂ ಬೇಕು. ಆ ಕೆಲಸವನ್ನೂ ಅವರೇ ಮಾಡಿದರು. ಸಿಕ್ಕ ಪ್ರತಿಗಳನ್ನೆಲ್ಲ ಕಲೆಹಾಕಿ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಲಿಪಿಕಾರ ಎಲ್ಲಿ ಎಡವಿದನೆಂದು ಗುರುತಿಸಬೇಕು. ಬೇರೆ ಪಾಠಗಳನ್ನು ಮುಚ್ಚಿಡದೆ ಪುಟದ ಅಡಿಯಲ್ಲಿ ಕೊಡಬೇಕು. ಅರ್ಥವಾಗಲಿಲ್ಲವೆಂದು ಮೂಲವನ್ನು ತಿದ್ದಬಾರದು. ಅಂಗಡಿಯ ಕಿರ್ದಿ, ಖಾತೆ ತಾಳೆ ನೋಡುವಷ್ಟೇ ಕಟ್ಟುನಿಟ್ಟು! ಈ ವಿದ್ಯೆಯನ್ನು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವಾಗಿ ಕೊಟ್ಟರು. 1960ರ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1971ರಲ್ಲಿ ನಿಧನರಾದರು.

ಅವರ ತರಗತಿಯಲ್ಲಿ ಕುಳಿತ ಎಂ. ಚಿದಾನಂದಮೂರ್ತಿ ಶಾಸನಗಳ ಮೇಲೆ ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದರು. ಇನ್ನೊಬ್ಬ ಶಿಷ್ಯ ಟಿ.ವಿ. ವೆಂಕಟಾಚಲಶಾಸ್ತ್ರೀ ಮೈಸೂರಿನಲ್ಲಿ ಗುರುವಿನ ಕೆಲಸ ಮುಂದುವರಿಸಿದರು. ಅವರ ಪಿಎಚ್.ಡಿ. ಪ್ರಬಂಧದ ವಿಷಯ, ಕನ್ನಡದ ನೇಮಿನಾಥ ಪುರಾಣಗಳು.