ಮರಿಗೌಡರು ಮತ್ತು ತಾಯಿಮರದ ಲೆಕ್ಕ

ಮೇಡ್ಲೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಮಾವಿನ ಮರಗಳಿದ್ದವು. ಒಂದನ್ನು ನನ್ನ ತಂದೆಯವರು ಜಾತ್ರೆಗೆ ಬಂದಿದ್ದ ಮಾರಾಟಗಾರನಿಂದ ಆಪೂಸಿನ ಕಸಿಗಿಡವೆಂದು ನಂಬಿ ಕೊಂಡಿದ್ದರು. ಇನ್ನೊಂದನ್ನು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ತಂದಿದ್ದರು. ಇಲಾಖೆಯ ಗಿಡ ಐದನೆಯ ವರ್ಷಕ್ಕೆ ಹಣ್ಣು ಕೊಟ್ಟಿತು. ಜಾತ್ರೆಯದು ಎಂಟನೆಯ ವರ್ಷ ಕೊಟ್ಟದ್ದು ನಾರು ತುಂಬಿದ ಹುಳಿ ಹಣ್ಣು. ಗೊರಟೆಯಿಂದ ಎದ್ದ ಜವಾರಿ ಸಸಿಯ ಕಾಂಡಕ್ಕೆ ಗಾಯ ಮಾಡಿ, ಪಟ್ಟಿ ಸುತ್ತಿ, ಕಸಿಯೆಂದು ಮಾರಿದ್ದರು.

ಮುಂದೆ ಅರ್ಥಶಾಸ್ತ್ರ ಓದುವಾಗ, ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಸೋಲುತ್ತದೆ ಎಂಬ ಪಾಠ ಬಂದಾಗಲೆಲ್ಲ ನನಗೆ ಆ ಹಿತ್ತಲು ನೆನಪಾಗುತ್ತಿತ್ತು. ಬಟ್ಟೆ ಕೆಟ್ಟದ್ದಾದರೆ ಒಂದು ಒಗೆತಕ್ಕೆ ತಿಳಿಯುತ್ತದೆ. ಗಿಡದ ವಂಚನೆ ಬಯಲಾಗುವುದಕ್ಕೆ ವರ್ಷಗಳೇ ಬೇಕು. ಈ ಸೋಲಿಗೆ ಆಡಳಿತದ ಮೂಲಕ ಉತ್ತರ ಒದಗಿಸಿದವರು ಡಾ. ಎಂ.ಎಚ್. ಮರಿಗೌಡರು ಎಂಬುದು ನನಗೆ ಅರಿವಾದದ್ದು ಸೇವೆಗೆ ಸೇರಿದ ಮೇಲೆ.

1916ರಲ್ಲಿ ಬನ್ನೂರಿನ ಸಮೀಪದ ಮಾರಯ್ಯನಬೀಡಿನಲ್ಲಿ ಹುಟ್ಟಿದ ಮರಿಗೌಡರು ಲಾಲ್‌ಬಾಗ್‌ನಲ್ಲಿ ಸೇವೆ ಆರಂಭಿಸಿ, ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಿದೇಶದಲ್ಲಿಯೇ ನೆಲೆಸಬಹುದಾಗಿದ್ದ ಕಾಲದಲ್ಲಿ ಮರಳಿ ಬಂದು ಕಡತಗಳ ನಡುವೆ ಕುಳಿತರು. ದ್ರಾಕ್ಷಿ ಬೆಳೆಗಾರರಿಗಾಗಿ 1959ರಲ್ಲಿ ಸ್ಥಾಪನೆಯಾಗಿ ಮುಂದೆ ಹಾಪ್‌ಕಾಮ್ಸ್ ಎನಿಸಿದ ಸಹಕಾರ ಸಂಘದ ಹಿಂದೆಯೂ ಅವರ ಪ್ರೇರಣೆ ಇತ್ತು. 1963ರಲ್ಲಿ ತೋಟಗಾರಿಕೆ ಸ್ವತಂತ್ರ ಇಲಾಖೆಯಾದಾಗ ಅದರ ನಿರ್ದೇಶಕರಾಗಿ, 1974ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಕಟ್ಟಿದರು.

ಲಾಲ್‌ಬಾಗ್‌ನ ಹೆಸರಿನೊಂದಿಗೆ ಅವರನ್ನು ನೆನೆಯುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಬೆಂಗಳೂರಿನ ಹೊರಗಿದೆ. ರಾಜ್ಯದುದ್ದಕ್ಕೂ 350ಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರಗಳು, ಸಸ್ಯಾಗಾರಗಳು ಅವರ ಕಾಲದಲ್ಲಿ ರೂಪುಗೊಂಡವು. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಧಾರವಾಡ ಸೀಮೆಗೆ (ಇಂದಿನ ಹಾವೇರಿ ಜಿಲ್ಲೆ ಅದರಿಂದ ಬೇರೆಯಾದದ್ದು 1997ರಲ್ಲಿ) ಲಾಲ್‌ಬಾಗ್‌ನ ವಿದ್ಯೆ ತಲುಪಿದ್ದು ಇಂತಹ ಕ್ಷೇತ್ರಗಳ ಮೂಲಕವೇ. ನೀರಾವರಿಯಿಲ್ಲದ ಒಣಭೂಮಿಯಲ್ಲಿಯೂ ಮಾವು, ಗೋಡಂಬಿ ಬೆಳೆಯಬಹುದೆಂಬುದನ್ನು ರೈತನ ಕಣ್ಣಿಗೆ ಕಾಣುವಂತೆ ತೋರಿಸುವ ಸ್ಥಳಗಳೂ ಅವೇ ಆಗಿದ್ದವು.

ಅಂತಹ ಕ್ಷೇತ್ರದ ಜೀವಾಳ ತಾಯಿಮರ. ಉತ್ತಮ ಫಲ ಕೊಡುವುದೆಂದು ಹಲವು ವರ್ಷ ಪರೀಕ್ಷಿಸಿದ ಮರದಿಂದ ಕಡ್ಡಿ ಕೊಯ್ದು, ಜವಾರಿ ಗೊರಟೆಯಿಂದ ಬೆಳೆಸಿದ ಸಸಿಗೆ ಕೂಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಬೇರು ಜವಾರಿಯದು, ಹಣ್ಣು ತಾಯಿಮರದ್ದು. ಕಸಿಯ ಗಂಟಿನ ಕೆಳಗೆ ಚಿಗುರು ಒಡೆದರೆ ಆಗಿಂದಾಗ್ಗೆ ಚಿವುಟಬೇಕು; ಬಿಟ್ಟರೆ ಜವಾರಿಯೇ ಮೇಲುಗೈ ಸಾಧಿಸುತ್ತದೆ. ನಮ್ಮ ತಂದೆಯವರಿಗೆ ಇದನ್ನು ಕಲಿಸಿದ್ದು ಸಸ್ಯಕ್ಷೇತ್ರದ ಮಾಲಿ. ಗಿಡದ ಬೆಲೆಯಲ್ಲಿ ಆ ಪಾಠವೂ ಸೇರಿತ್ತೆನ್ನಬೇಕು.

ಇಷ್ಟೆಲ್ಲ ತಿಳಿದೂ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಸೇವೆಯಲ್ಲಿದ್ದಾಗ, ಸಾರ್ವಜನಿಕ ಕಟ್ಟಡವೊಂದಕ್ಕೆ ತೋಟಗಾರಿಕಾ ಕ್ಷೇತ್ರದ ಮೂರು ಎಕರೆ ಬೇಕೆಂಬ ಪ್ರಸ್ತಾವ ನನ್ನ ಮೇಜಿಗೆ ಬಂದಿತು. ಪಟ್ಟಣಕ್ಕೆ ಹತ್ತಿರ, ಭೂಸ್ವಾಧೀನದ ಖರ್ಚಿಲ್ಲ, ವಾರ್ಷಿಕ ಆದಾಯ ಅತ್ಯಲ್ಪ. ಟಿಪ್ಪಣಿಯಲ್ಲಿ ಅನುಕೂಲಗಳನ್ನೆಲ್ಲ ಎಣಿಸಿ ಶಿಫಾರಸು ಮಾಡಿದೆ. ಆ ಮೂರು ಎಕರೆಯಲ್ಲಿದ್ದದ್ದು ತಾಯಿಮರಗಳೆಂಬುದು ಕಡತದಲ್ಲಿರಲಿಲ್ಲ. ಸ್ಥಳಕ್ಕೆ ಹೋಗಿ ನೋಡುವ ವ್ಯವಧಾನ ನನಗಿರಲಿಲ್ಲ.

ಮರಿಗೌಡರು ಕಣ್ಮರೆಯಾಗಿ ಮೂರು ದಶಕಗಳು ಕಳೆದಿವೆ. ಬೆಳೆಯುತ್ತಿರುವ ಊರುಗಳ ಅಂಚಿನಲ್ಲಿರುವ ಇಂತಹ ಭೂಮಿಯ ಮೇಲೆ ಎಲ್ಲರ ಕಣ್ಣಿರುವುದು ಸಹಜ. ಕನಿಷ್ಠಪಕ್ಷ ಪ್ರತಿಯೊಂದು ತಾಯಿಮರಕ್ಕೂ ಸಂಖ್ಯೆ, ತಳಿ, ವಯಸ್ಸು ನಮೂದಿಸಿ ಜಮೀನಿನ ದಾಖಲೆಗೆ ಲಗತ್ತಿಸಲಿ. ಅದೇ ತಳಿಯ ಮರಗಳು ಬೇರೊಂದು ಕ್ಷೇತ್ರದಲ್ಲಿ ಫಲಕ್ಕೆ ಬರುವವರೆಗೆ ಹಸ್ತಾಂತರದ ಆದೇಶ ಹೊರಡದಿರಲಿ. ನನ್ನ ಮೇಜಿಗೆ ಬಂದ ಕಡತದಲ್ಲಿ ಅಂತಹ ಒಂದು ಹಾಳೆ ಇದ್ದಿದ್ದರೆ, ನಾನು ಬರೆಯುತ್ತಿದ್ದ ಟಿಪ್ಪಣಿಯೇ ಬೇರೆಯಾಗಿರುತ್ತಿತ್ತು.