ಆರಾಧನೆಯ ನುಡಿ ಮತ್ತು ಛಂದಸ್ಸು: ಫರ್ಡಿನಾಂಡ್ ಕಿಟೆಲ್ ಅವರ ಬದುಕಿನ ಒಂದು ಓದು

ಫರ್ಡಿನಾಂಡ್ ಕಿಟೆಲ್ ಅವರನ್ನು ಕನ್ನಡ ವಿದ್ವತ್ ಲೋಕವು ಮುಖ್ಯವಾಗಿ ನಿಘಂಟುಕಾರರೆಂದು ಗುರುತಿಸುತ್ತ ಬಂದಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟು ಅವರ ಉಳಿದೆಲ್ಲ ಕೆಲಸಗಳನ್ನು ಮರೆಮಾಡುವಷ್ಟು ದೊಡ್ಡದು. ಆದರೆ ಕಿಟೆಲ್ ಈ ನಾಡಿಗೆ ಬಂದದ್ದು ಕ್ರೈಸ್ತ ಸಭೆಯ ಸೇವಕರಾಗಿ. ಪ್ರಾರ್ಥನೆ, ಬೋಧನೆ, ಆರಾಧನೆಗಳನ್ನು ನಡೆಸುವುದು ಅವರಿಗೆ ಒಪ್ಪಿಸಿದ್ದ ಕಾರ್ಯವಾಗಿತ್ತು. ಹೊಸದಾಗಿ ರೂಪುಗೊಳ್ಳುತ್ತಿದ್ದ ಕನ್ನಡದ ಕ್ರೈಸ್ತ ಸಭೆ ಯಾವ ಮಾತಿನಲ್ಲಿ ಪ್ರಾರ್ಥಿಸಬೇಕು, ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಪ್ರಶ್ನೆ ಆ ಕಾರ್ಯದೊಳಗೇ ಇತ್ತು. ಕಿಟೆಲ್ ಅವರ ಬದುಕನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ನೋಡಿದಾಗ ಅವರ ಕಾವ್ಯರಚನೆ, ಛಂದಶ್ಶಾಸ್ತ್ರದ ಸಂಪಾದನೆ, ವ್ಯಾಕರಣ ಮತ್ತು ನಿಘಂಟುಗಳು ಬಿಡಿಬಿಡಿಯಾದ ಸಾಧನೆಗಳಾಗಿ ಉಳಿಯದೆ ಒಂದೇ ಹುಡುಕಾಟದ ಘಟ್ಟಗಳಾಗಿ ಕಾಣತೊಡಗುತ್ತವೆ.

ಬಾಲ್ಯ ಮತ್ತು ಬಾಸೆಲಿನ ಶಿಕ್ಷಣ

ಕಿಟೆಲ್ 1832ರ ಏಪ್ರಿಲ್ ತಿಂಗಳಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾದ್ರಿ. ಮಾರ್ಟಿನ್ ಲೂಥರ್ ಅವರ ಸುಧಾರಣೆಯ ತರುವಾಯ ಜರ್ಮನಿಯ ಸಭೆಗಳಲ್ಲಿ ಆರಾಧನೆಯು ಲ್ಯಾಟಿನ್ನಿನಿಂದ ಜನರ ಆಡುಮಾತಿಗೆ ಬಂದಿತ್ತು; ಹಾಡುವುದು ಗಾಯಕವೃಂದಕ್ಕೆ ಮೀಸಲಾಗಿರದೆ ಇಡೀ ಸಭೆಯ ಪಾಲಿನದಾಗಿತ್ತು. ತಾಯ್ನುಡಿಯಲ್ಲಿ ಪ್ರಾರ್ಥಿಸುವುದು ಸಹಜವೆಂದು ತಿಳಿದ ಇಂಥ ಪರಿಸರದಲ್ಲಿ ಅವರು ಬೆಳೆದರು. ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳ ಅಭ್ಯಾಸವಾಯಿತು. 1850ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ವಿದ್ಯಾಲಯವನ್ನು ಸೇರಿದರು.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಪಯಟಿಸಂ ಎಂಬ ಭಕ್ತಿಪಂಥದಿಂದ ಪ್ರೇರಣೆ ಪಡೆದಿತ್ತು. ವೈಯಕ್ತಿಕ ಪಶ್ಚಾತ್ತಾಪ, ದೈನಂದಿನ ಪ್ರಾರ್ಥನೆ, ಬೈಬಲ್ ವಾಚನ ಹಾಗೂ ಕಟ್ಟುನಿಟ್ಟಾದ ವಿಧೇಯತೆಗಳು ಆ ಪಂಥದ ಲಕ್ಷಣಗಳು. ಮಿಷನರಿಯಾದವನು ಬಾಸೆಲಿನ ಸಮಿತಿಯ ಅಪ್ಪಣೆಯನ್ನು ಪ್ರಶ್ನಿಸದೆ ಪಾಲಿಸಬೇಕಾಗಿತ್ತು. ವಿದ್ವತ್ತಿಗೆ ಅಲ್ಲಿ ಗೌರವವಿದ್ದರೂ ಅದು ಪ್ರಚಾರಕಾರ್ಯಕ್ಕೆ ಉಪಕರಣವಾಗಿ ಮಾತ್ರ. ಈ ಶಿಸ್ತು ಮುಂದೆ ಕಿಟೆಲ್ ಅವರ ಬದುಕಿನ ಅನೇಕ ಘರ್ಷಣೆಗಳಿಗೆ ಕಾರಣವಾಯಿತು.

ಕನ್ನಡದಲ್ಲಿ ಸಭೆ

ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ಪರಿಷ್ಕೃತವಾದ ಮೇಲೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಕೆಲಸಮಾಡಲು ಅವಕಾಶ ದೊರೆಯಿತು. ಮರುವರ್ಷವೇ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡದಲ್ಲಿ ನೆಲೆ ಮಾಡಿತು. ಅದಕ್ಕೂ ಮುಂಚೆ, 1810ರಿಂದಲೇ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ 1824 ಮತ್ತು 1832ರಲ್ಲಿ ನಿಘಂಟುಗಳನ್ನು ಹೊರತಂದರು. ಮೈಸೂರು ಸಂಸ್ಥಾನದ ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಾರ್ಯನಿರತವಾಗಿತ್ತು. ಹೀಗೆ ಕರಾವಳಿಯಿಂದ ಬಳ್ಳಾರಿ, ಚಿತ್ರದುರ್ಗದ ಕಡೆಯ ಬಯಲುಸೀಮೆಯವರೆಗೆ ಬೇರೆಬೇರೆ ಸಂಸ್ಥೆಗಳು ಕೆಲಸಮಾಡುತ್ತಿದ್ದರೂ ಅವೆಲ್ಲ ಎದುರಿಸಿದ ಭಾಷಿಕ ಸಮಸ್ಯೆ ಒಂದೇ ಆಗಿತ್ತು. ದೇವರು, ಪಾಪ, ಕೃಪೆ, ರಕ್ಷಣೆ, ಬಲಿ ಮುಂತಾದ ಪದಗಳಿಗೆ ಶೈವ, ವೈಷ್ಣವ, ಜೈನ ಪರಂಪರೆಗಳ ದೀರ್ಘ ಬಳಕೆಯ ಅರ್ಥಗಳು ಅಂಟಿಕೊಂಡಿದ್ದವು. ಹೊಸ ಪ್ರಾರ್ಥನೆಗಳು ಅದೇ ಪದಗಳಲ್ಲಿ ನುಡಿಯಬೇಕಾಗಿತ್ತು.

1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಮೊದಲು ಧಾರವಾಡ ಪ್ರದೇಶದಲ್ಲಿ ನೆಲೆಸಿದರು. ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಜನರೊಡನೆ ಬೆರೆತು, ಅವರ ನುಡಿಯನ್ನು ಅವರಿಂದಲೇ ಕಲಿಯತೊಡಗಿದರು. ಕನ್ನಡಿಗರಿಗೆ ಕ್ರಿಸ್ತನನ್ನು ಬೋಧಿಸುವವನು ಮೊದಲು ಕನ್ನಡಿಗನಾಗಬೇಕು ಎಂಬುದು ಅವರ ನಿಲುವಾಗಿತ್ತು. ಯುರೋಪಿಯನ್ ಜೀವನಕ್ರಮವನ್ನು ಸಡಿಲಿಸಿದ ಈ ರೀತಿ ಸಹೋದ್ಯೋಗಿಗಳಿಗೆ ಸರಿಕಾಣಲಿಲ್ಲ. ಸಂಸ್ಥೆಯೊಳಗೆ ಅವರು ಸ್ವಲ್ಪಮಟ್ಟಿಗೆ ಹೊರಗಿನವರಂತೆ ಉಳಿದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿ ಕೆಲಸಮಾಡುವಾಗಲೂ ಈ ಅಂತರ ಪೂರ್ತಿಯಾಗಿ ಅಳಿಯಲಿಲ್ಲ.

ಹಾಡಿನ ಪ್ರಶ್ನೆ

ಸಭೆಯ ಆರಾಧನೆಯಲ್ಲಿ ಹಾಡಿಗೆ ವಿಶೇಷ ಸ್ಥಾನವಿದೆ. ಗದ್ಯದ ಪ್ರಾರ್ಥನೆಯನ್ನು ಸಾಮಾನ್ಯವಾಗಿ ಬೋಧಕನೊಬ್ಬ ನುಡಿಯುತ್ತಾನೆ. ಹಾಡನ್ನು ಎಲ್ಲರೂ ಒಟ್ಟಾಗಿ ನುಡಿಯುತ್ತಾರೆ. ಓದುಬರಹ ಬಾರದ ಭಕ್ತನಿಗೆ ಕಂಠಪಾಠವಾಗಿ ಮನೆಯವರೆಗೂ ಜೊತೆಗಿರುವ ಪ್ರಾರ್ಥನೆಯೆಂದರೆ ಹಾಡೇ. ಈ ಕಾರಣದಿಂದ ಕಿಟೆಲ್‌ಗಿಂತ ಹಿರಿಯರಾದ ಹೆರ್ಮನ್ ಮೋಗ್ಲಿಂಗ್ ಮತ್ತು ಗಾಟ್‌ಫ್ರೀಡ್ ವೈಗಲ್ ಜರ್ಮನ್ ಸ್ತೋತ್ರಗೀತೆಗಳನ್ನು ಕನ್ನಡಕ್ಕೆ ತಂದಿದ್ದರು. ಆ ಗೀತೆಗಳನ್ನು ಮೂಲದ ಯುರೋಪಿಯನ್ ರಾಗಗಳಲ್ಲಿಯೇ ಹಾಡುವುದು ರೂಢಿಗೆ ಬಂದಿತು.

ಛಂದಸ್ಸಿನ ದೃಷ್ಟಿಯಿಂದ ಇದು ಸುಲಭದ ಕೂಡಿಕೆಯಾಗಿರಲಿಲ್ಲ. ಜರ್ಮನ್ ಪದ್ಯದ ಲಯ ಅಕ್ಷರಗಳ ಮೇಲೆ ಬೀಳುವ ಒತ್ತನ್ನು ಅವಲಂಬಿಸಿದೆ. ಕನ್ನಡದ ಮಾತ್ರಾಲಯಕ್ಕೆ ಲಘು–ಗುರುಗಳ ಕಾಲಪ್ರಮಾಣವೇ ಆಧಾರ. ಒತ್ತಿಲ್ಲದ ಅಕ್ಷರದಿಂದ ಆರಂಭವಾಗುವ ಜರ್ಮನ್ ರಾಗಕ್ಕೆ ‘ದೇವರು’ ಎಂಬ ಪದವನ್ನು ಹೊಂದಿಸಿದರೆ ರಾಗದ ಬಲವೆಲ್ಲ ಲಘುವಾದ ‘ವ’ಕಾರದ ಮೇಲೆ ಬೀಳುತ್ತದೆ. ಮೂರು ಲಘುಗಳ ‘ಕರುಣೆ’ ಎಂಬ ಪದ ದೀರ್ಘಸ್ವರಕ್ಕೆ ಸಿಕ್ಕಿದಾಗ ಹಾಡುವವರ ಬಾಯಲ್ಲಿ ‘ಕರೂಣೆ’ಯಾಗುತ್ತದೆ. ಜರ್ಮನ್ ಗೀತೆಯ ಪ್ರಾಸ ಸಾಲಿನ ಕೊನೆಯಲ್ಲಿರುತ್ತದೆ. ಹಳೆಯ ಕನ್ನಡ ಪದ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ. ಹೀಗಾಗಿ ಅರ್ಥದಲ್ಲಿ ಕನ್ನಡವಾಗಿದ್ದರೂ ಕೇಳುವ ಕಿವಿಗೆ ಪರದೇಶದ್ದಾಗಿ ಉಳಿಯುವ ಅಪಾಯ ಈ ಹಾಡುಗಳಿಗಿತ್ತು. ಕುಮಾರವ್ಯಾಸ, ಲಕ್ಷ್ಮೀಶರ ಷಟ್ಪದಿಗಳನ್ನು ಗಮಕದಲ್ಲಿ ಕೇಳಿ, ದಾಸರ ಪದಗಳನ್ನೂ ಜನಪದರ ತ್ರಿಪದಿಗಳನ್ನೂ ಹಾಡಿಕೊಂಡು ಬಂದ ಜನಕ್ಕೆ ಇದು ಎದ್ದುಕಾಣುವ ವ್ಯತ್ಯಾಸ.

ಈ ನಡುವೆ ಮಿಷನ್ನಿನ ಕೆಲಸದಲ್ಲಿಯೇ ಇನ್ನೊಂದು ಧಾರೆಯೂ ಹರಿಯುತ್ತಿತ್ತು. ಮೋಗ್ಲಿಂಗ್, ಕಾಸಾಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ, 1848ರಿಂದ 1853ರವರೆಗೆ ಕನ್ನಡ ಪ್ರಾಚೀನ ಗ್ರಂಥಗಳ ಮಾಲೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಜೈಮಿನಿ ಭಾರತ, ಬಸವಪುರಾಣಗಳ ಜೊತೆಗೆ ದಾಸರ ಪದಗಳೂ ಅದರಲ್ಲಿ ಸೇರಿದ್ದವು. ಅನ್ಯಧರ್ಮದ ಭಕ್ತಿಗೀತೆಗಳನ್ನು ಅಚ್ಚುಹಾಕಿಸಿದ ಸಮುದಾಯವೇ ತನ್ನ ಸಭೆಯಲ್ಲಿ ಜರ್ಮನ್ ಧಾಟಿಯನ್ನು ಉಳಿಸಿಕೊಂಡಿತು ಎಂಬುದು ಗಮನಿಸಬೇಕಾದ ವೈರುಧ್ಯ. ಓದಿನ ಮೇಜಿನ ಮೇಲೆ ಒಪ್ಪಿತವಾದದ್ದು ಆರಾಧನೆಯ ಪೀಠದ ಬಳಿ ಒಪ್ಪಿತವಾಗಲಿಲ್ಲ. ದೇಸಿ ಧಾಟಿಯೊಡನೆ ದೇಸಿ ದೈವಗಳ ನೆನಪೂ ಒಳಬಂದೀತೆಂಬ ಆತಂಕ ಮಿಷನರಿಗಳಲ್ಲಿ ವ್ಯಾಪಕವಾಗಿತ್ತು.

ಕಥಾಮಾಲೆ

ಕಿಟೆಲ್ ಈ ವೈರುಧ್ಯಕ್ಕೆ ರಚನೆಯ ಮೂಲಕ ಉತ್ತರ ಕೊಡಲು ಯತ್ನಿಸಿದರು. 1862ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕಥಾಮಾಲೆ ಕ್ರಿಸ್ತನ ಜೀವನವೃತ್ತಾಂತವನ್ನು ದೇಸಿ ಛಂದೋರೂಪಗಳಲ್ಲಿ ನಿರೂಪಿಸುತ್ತದೆ. ಇದು ಅನುವಾದವಲ್ಲ, ಸುವಾರ್ತೆಯ ಕಥನವನ್ನು ಕನ್ನಡದ ಕಾವ್ಯಕ್ರಮದಲ್ಲಿ ಕಟ್ಟಿಕೊಟ್ಟ ಸ್ವತಂತ್ರ ರಚನೆ. ಪುರಾಣಶ್ರವಣದ ಅಭ್ಯಾಸವಿದ್ದ ಸಮಾಜದಲ್ಲಿ ಪದ್ಯವನ್ನು ಕೇಳುವುದೂ ಉಪಾಸನೆಯ ಒಂದು ಬಗೆ ಎಂಬುದನ್ನು ಕಿಟೆಲ್ ಅರಿತಿದ್ದರು. ಕಾವ್ಯಗುಣದ ದೃಷ್ಟಿಯಿಂದ ಕಥಾಮಾಲೆಗೆ ಮಿತಿಗಳಿದ್ದರೂ ಇಪ್ಪತ್ತರ ಹರೆಯದಲ್ಲಿ ಕನ್ನಡ ಕಲಿಯತೊಡಗಿದ ವಿದೇಶೀಯನೊಬ್ಬ ಒಂಬತ್ತೇ ವರ್ಷಗಳಲ್ಲಿ ದೇಸಿ ಛಂದಸ್ಸಿನಲ್ಲಿ ಕಥನಕಾವ್ಯ ರಚಿಸಿದ್ದು ಅಪರೂಪದ ಸಂಗತಿ.

ಈ ವರ್ಷಗಳಲ್ಲಿ ಅವರ ಗೃಹಜೀವನ ತೀವ್ರವಾದ ದುಃಖವನ್ನು ಕಂಡಿತು. 1860ರಲ್ಲಿ ಅವರು ಪೌಲಿನೆ ಐತ್ ಅವರನ್ನು ವಿವಾಹವಾಗಿದ್ದರು. 1864ರಲ್ಲಿ ಪೌಲಿನೆ ತೀರಿಕೊಂಡರು. 1867ರಲ್ಲಿ ಅವರ ತಂಗಿ ಜೂಲಿಯವರೊಡನೆ ಕಿಟೆಲ್ ಎರಡನೆಯ ವಿವಾಹವಾದರು. ಮಿಷನರಿಗಳ ಮಕ್ಕಳನ್ನು ಎಳವೆಯಲ್ಲಿಯೇ ಶಿಕ್ಷಣಕ್ಕಾಗಿ ಯುರೋಪಿಗೆ ಕಳುಹಿಸಬೇಕೆಂಬುದು ಬಾಸೆಲಿನ ನಿಯಮವಾಗಿತ್ತು. ಸೇವೆಯ ಹೆಸರಿನಲ್ಲಿ ಕುಟುಂಬಗಳು ತೆತ್ತ ಈ ಬೆಲೆಯನ್ನು ಮಿಷನ್ ಚರಿತ್ರೆಯ ವಿವೇಚನೆಯಲ್ಲಿ ಮರೆಯಲಾಗದು.

ಧಾಟಿಯಿಂದ ಶಾಸ್ತ್ರಕ್ಕೆ

1870ರ ದಶಕದಲ್ಲಿ ಕಿಟೆಲ್ ಅವರ ಆಸಕ್ತಿ ಶಾಸ್ತ್ರಗ್ರಂಥಗಳತ್ತ ಹೊರಳಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣದ ಅವರ ಆವೃತ್ತಿ ಪ್ರಕಟವಾಯಿತು. 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕನ್ನಡ ಸಾಹಿತ್ಯ ಕುರಿತ ವಿಸ್ತಾರವಾದ ಪ್ರಬಂಧದೊಡನೆ ಹೊರಬಂದಿತು. ಸಂಸ್ಕೃತದ ವೃತ್ತಗಳ ಜೊತೆಗೆ ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳ ಮೇಲೆ ನಿಂತ ಕರ್ಣಾಟಕ ವಿಷಯಜಾತಿಗಳನ್ನು ನಿರೂಪಿಸುವ ಗ್ರಂಥ ಇದು. ಹಾಡುಗಬ್ಬದ ಮೂಲಲಕ್ಷಣಗಳನ್ನು ತಿಳಿಯಬಯಸುವವರಿಗೆ ಅನಿವಾರ್ಯವಾದದ್ದು. ಕಥಾಮಾಲೆಯ ಕವಿ ಛಂದೋಂಬುಧಿಯ ಸಂಪಾದಕನಾದದ್ದು ಆಕಸ್ಮಿಕವೆಂದು ತೋರುವುದಿಲ್ಲ. ಪ್ರಯೋಗದಲ್ಲಿ ಎದುರಾದ ಪ್ರಶ್ನೆಗಳೇ ಲಕ್ಷಣಗ್ರಂಥದ ಬಳಿಗೆ ಕೊಂಡೊಯ್ದಿವೆ.

ಇದೇ ಅವಧಿಯಲ್ಲಿ ಅವರು ಭಾರತೀಯ ಆರಾಧನಾ ಪದ್ಧತಿಗಳನ್ನು ಅಭ್ಯಾಸಮಾಡಿದರು. 1872ರ ಯಜ್ಞಸುಧಾನಿಧಿಯ ವಸ್ತು ಬಲಿಯ ಪರಿಕಲ್ಪನೆ. 1873ರಲ್ಲಿ ಕರ್ನಾಟಕದ ವೈಷ್ಣವ ದಾಸರನ್ನು ಕುರಿತು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಲೇಖನ ಬರೆದರು. 1876ರಲ್ಲಿ ಲಿಂಗಾರಾಧನೆಯ ಮೂಲವನ್ನು ಕುರಿತ ಜರ್ಮನ್ ಗ್ರಂಥ ಪ್ರಕಟವಾಯಿತು. ಈ ಬರಹಗಳಲ್ಲಿ ತಮ್ಮ ಧರ್ಮವೇ ಅಂತಿಮ ಸತ್ಯವೆಂಬ ಮಿಷನರಿಯ ನಂಬಿಕೆಯನ್ನು ಅವರು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಇತರರ ಆರಾಧನೆಯನ್ನು ಅಳೆಯಲು ಬಳಸಿದ ಅಳತೆಗೋಲು ಅವರದೇ ಆಗಿತ್ತು. ವಸಾಹತುಶಾಹಿ ಕಾಲದ ಜ್ಞಾನನಿರ್ಮಾಣದ ಈ ಮಿತಿಯನ್ನು ಒಪ್ಪಿಕೊಂಡೇ ಅವರ ಕೊಡುಗೆಯನ್ನು ಬೆಲೆಗಟ್ಟಬೇಕು.

ನಿಘಂಟು: ಎಲ್ಲರ ಪ್ರಾರ್ಥನೆಯ ಪದಗಳು

1877ರಲ್ಲಿ ಜರ್ಮನಿಗೆ ಮರಳಿದ ಕಿಟೆಲ್ 1883ರಲ್ಲಿ ಪುನಃ ಭಾರತಕ್ಕೆ ಬಂದು 1892ರವರೆಗೆ ನಿಘಂಟಿನ ಕಾರ್ಯದಲ್ಲಿ ತೊಡಗಿದರು. 1894ರಲ್ಲಿ ಪೂರ್ಣಗೊಂಡ ಆ ಗ್ರಂಥದಲ್ಲಿ ಸುಮಾರು 70,000 ಪದಗಳಿವೆ. ಹಳಗನ್ನಡ ಕಾವ್ಯ, ವೀರಶೈವ ಪುರಾಣ, ದಾಸಸಾಹಿತ್ಯ, ಗಾದೆಮಾತು, ಊರೂರಿನ ಆಡುನುಡಿ ಎಲ್ಲವೂ ಅದಕ್ಕೆ ಆಕರಗಳಾದವು. ಬೋಧಕರಿಗೂ ಬೈಬಲ್ ಅನುವಾದಕರಿಗೂ ನೆರವಾಗಬೇಕಾಗಿದ್ದ ಈ ಕೋಶ ಅಂತಿಮವಾಗಿ ಕನ್ನಡಿಗರೆಲ್ಲರ ಭಕ್ತಿಯ ಶಬ್ದಕೋಶವೂ ಆಯಿತು. ಒಂದು ಪದವನ್ನು ಕೋಶದಲ್ಲಿ ದಾಖಲಿಸುವವನು ಅದು ಬಂದ ಪರಂಪರೆಯನ್ನು ಖಂಡಿಸುತ್ತ ಕೂರಲಾಗದು. ಅದರ ಪ್ರಯೋಗವನ್ನು ಇದ್ದಂತೆ ಕೊಡಬೇಕಾಗುತ್ತದೆ. ವಾದಗ್ರಂಥಗಳಲ್ಲಿ ಪ್ರತಿಪಕ್ಷಿಯಾಗಿ ನಿಂತ ಕಿಟೆಲ್ ನಿಘಂಟಿನಲ್ಲಿ ಕೇಳುಗರಾಗಿದ್ದಾರೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ನಿಧನರಾದರು. ಮುಂದೆ ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ನಿಘಂಟನ್ನು ನಾಲ್ಕು ಸಂಪುಟಗಳಾಗಿ ಹೊರತಂದಿತು.

ಸಮಾಲೋಚನೆ

ಆರಾಧನೆಯ ಕ್ಷೇತ್ರದಲ್ಲಿ ಕಿಟೆಲ್ ಗೆದ್ದರೆಂದು ಹೇಳುವಂತಿಲ್ಲ. ಕಥಾಮಾಲೆ ಸಭೆಯ ಗೀತಪುಸ್ತಕವಾಗಲಿಲ್ಲ. ಅವರ ಕಾಲದ ಬಾಸೆಲ್ ಸಭೆಗಳು ಜರ್ಮನ್ ರಾಗಗಳನ್ನೇ ಹಾಡಿದವು. ಕಾಲಾನಂತರ ಆ ರಾಗಗಳೂ ಹಲವು ತಲೆಮಾರುಗಳ ಕ್ರೈಸ್ತ ಕುಟುಂಬಗಳಿಗೆ ಸ್ವಂತದ್ದಾದವು. ಅವರ ಮದುವೆ, ಮರಣ, ಹಬ್ಬಗಳ ನೆನಪುಗಳೊಡನೆ ಬೆಸೆದುಕೊಂಡವು. ಆದ್ದರಿಂದ ದೇಸಿಯೆಲ್ಲ ಸಹಜ, ಪರದೇಶದ್ದೆಲ್ಲ ಕೃತಕ ಎಂಬ ಸರಳ ತೀರ್ಮಾನ ಇಲ್ಲಿ ಹೊಂದುವುದಿಲ್ಲ. ಇಂದಿನ ಕನ್ನಡ ಕ್ರೈಸ್ತ ಆರಾಧನೆಯಲ್ಲಿ ಪಾಶ್ಚಾತ್ಯ ಧಾಟಿಯ ಸಂಗೀತಗಳೂ ಭಾರತೀಯ ರಾಗಗಳ ಕೀರ್ತನೆಗಳೂ ಜೊತೆಯಾಗಿ ಬಳಕೆಯಲ್ಲಿವೆ.

ಆದರೆ ಕಿಟೆಲ್ ಎತ್ತಿದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿಯೇ ಬೆಳೆದು ಬೋಧಕರಾದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರೈಸ್ತ ಶ್ರದ್ಧೆಗೂ ಕನ್ನಡದ ಭಕ್ತಿಪರಂಪರೆಗೂ ನಡುವೆ ಕಿಟೆಲ್ ಹೊರಗಿನಿಂದ ಬಂದು ಹುಡುಕಿದ ಸಂಬಂಧವನ್ನು ಉತ್ತಂಗಿಯವರು ಒಳಗಿನವರಾಗಿಯೇ ಬಾಳಿದರು. ಪ್ರಾರ್ಥಿಸುವವನು ತನ್ನ ನುಡಿಯ ಲಯವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿಲ್ಲ ಎಂಬ ನಿಲುವಿಗೆ ಕನ್ನಡದಲ್ಲಿ ಕಥಾಮಾಲೆಯು ಒಂದು ಆರಂಭಿಕ ದಾಖಲೆ. ಅದನ್ನು ಛಂದೋಂಬುಧಿಯ ಆವೃತ್ತಿಯ ಪಕ್ಕದಲ್ಲಿರಿಸಿ, ಮಿಷನ್ ಕಾಲದ ಗೀತಪುಸ್ತಕಗಳೊಡನೆ ಹೋಲಿಸಿ ನೋಡುವ ಅಧ್ಯಯನವು ಕಿಟೆಲ್ ಅವರನ್ನು ನಿಘಂಟಿನಾಚೆಗೂ ಅರಿಯಲು ನೆರವಾಗುತ್ತದೆ.