ಕರ್ನಲ್‌ನ ಪಟದಲ್ಲಿ ಪಂಡಿತರಿಗೂ ಎಡೆಯಿತ್ತ ಹಿಕಿ

ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿ ಕನ್ನಡಿಗರ ಕುತೂಹಲ ಕೆರಳಿಸುವ ತೈಲವರ್ಣ ಚಿತ್ರವೊಂದಿದೆ. 1816ರಲ್ಲಿ ರಚಿತವಾದ ಈ ಪಟದಲ್ಲಿ ಕೆಂಪು ಸಮವಸ್ತ್ರದ ಕರ್ನಲ್ ಕಾಲಿನ್ ಮೆಕೆಂಜಿ ನಿಂತಿದ್ದಾನೆ. ಜೊತೆಗೆ ಮೂವರು ಭಾರತೀಯ ಸಹಾಯಕರು. ದೂರದ ಬೆಟ್ಟದ ಮೇಲೆ ಗೊಮ್ಮಟ. ಅದು ಕಾರ್ಕಳದ ಮೂರ್ತಿ ಎಂದು ಗುರುತಿಸಲಾಗಿದೆ. ಚಿತ್ರಿಸಿದಾತ ಐರ್ಲೆಂಡಿನ ಥಾಮಸ್ ಹಿಕಿ. ಆಗ ಆತನ ವಯಸ್ಸು 75ರ ಆಸುಪಾಸು.

1741ರಲ್ಲಿ ಡಬ್ಲಿನ್ನಿನಲ್ಲಿ ಜನಿಸಿದ ಹಿಕಿ, ಇಟಲಿಯಲ್ಲಿ ಕಲಾಭ್ಯಾಸ ನಡೆಸಿ ಭಾವಚಿತ್ರಕಾರನಾದ. 1780ರಲ್ಲಿ ಭಾರತಕ್ಕೆ ಹೊರಟಾಗ ಹಡಗು ಫ್ರೆಂಚ್ ಮತ್ತು ಸ್ಪೇನ್ ನೌಕಾಪಡೆಗಳ ವಶವಾಯಿತು. ಬಿಡುಗಡೆಯ ಬಳಿಕ ಲಿಸ್ಬನ್ನಿನಲ್ಲಿ ಕೆಲಕಾಲ ನೆಲೆಸಿ, 1784ರಲ್ಲಿ ಕಲ್ಕತ್ತೆ ತಲುಪಿದ. 1792ರಲ್ಲಿ ಮೆಕಾರ್ಟ್ನಿ ನಿಯೋಗದೊಡನೆ ಚೀನಾಕ್ಕೆ ತೆರಳಿದರೂ ಅಲ್ಲಿ ರಚಿಸಿದ್ದು ಅತ್ಯಲ್ಪ.

1798ರಲ್ಲಿ ಮದರಾಸಿಗೆ ಬಂದ ಹಿಕಿಗೆ, ಮರುವರ್ಷವೇ ಶ್ರೀರಂಗಪಟ್ಟಣದ ಪತನ ಹೊಸ ಅವಕಾಶ ತೆರೆಯಿತು. ವಿಜಯಿ ಸೇನಾಧಿಕಾರಿಗಳು, ಟಿಪ್ಪುವಿನ ಮಕ್ಕಳು, ದಿವಾನ್ ಪೂರ್ಣಯ್ಯ ಮೊದಲಾದವರನ್ನು ಆತ ಚಿತ್ರಿಸಿದ. ಯುದ್ಧದ ಕುರಿತು ಯೋಜಿಸಿದ್ದ ಏಳು ಬೃಹತ್ ಚಿತ್ರಗಳ ಸರಣಿ ಮಾತ್ರ ಪೂರ್ಣಗೊಳ್ಳಲಿಲ್ಲ.

ಅದೇ ಯುದ್ಧದಲ್ಲಿ ಪಾಲ್ಗೊಂಡಿದ್ದ ಮೆಕೆಂಜಿ ಮುಂದೆ ಮೈಸೂರು ಸೀಮೆಯ ಮೋಜಣಿ ನಡೆಸಿದ. 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದ. ಎಂಟು ಸಾವಿರಕ್ಕೂ ಅಧಿಕ ಶಾಸನಪಾಠಗಳನ್ನು ಒಳಗೊಂಡ ಅವನ ಸಂಗ್ರಹ, ಸ್ಥಳೀಯ ವಿದ್ವಾಂಸರ ಶ್ರಮವಿಲ್ಲದೆ ಅಸಾಧ್ಯವಾಗಿತ್ತು. ಹಿಕಿಯ ಪಟದಲ್ಲಿ ಓಲೆಗರಿ ಹಿಡಿದಾತ ಹಳಗನ್ನಡ ಶಾಸನಗಳನ್ನು ಓದಬಲ್ಲ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮತ್ತೊಬ್ಬ ಕಾವಲಿ ವೆಂಕಟ ಲಕ್ಷ್ಮಯ್ಯ. ದೂರದರ್ಶಕ ಹಿಡಿದು ನಿಂತವನು ಜವಾನ ಕಿಷ್ಣಾಜಿ.

1821ರಲ್ಲಿ ಮೆಕೆಂಜಿ ತೀರಿಕೊಂಡ. ಮೂರು ವರ್ಷಗಳ ಬಳಿಕ ಹಿಕಿ ಮದರಾಸಿನಲ್ಲೇ ಕೊನೆಯುಸಿರೆಳೆದ. ಸಂಶೋಧನೆಯನ್ನು ತಾನು ಮುಂದುವರಿಸುವುದಾಗಿ ಲಕ್ಷ್ಮಯ್ಯ ಮುಂದೆ ಬಂದಾಗ, 1836ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ದೇಶೀಯನೊಬ್ಬ ಇಂಥ ಕಾರ್ಯದ ನೇತೃತ್ವ ವಹಿಸಲಾರ ಎಂಬುದು ಅಲ್ಲಿನ ಜೇಮ್ಸ್ ಪ್ರಿನ್ಸೆಪ್‌ನ ಅಭಿಪ್ರಾಯವಾಗಿತ್ತು.

ಸಂಸ್ಥೆ ನಿರಾಕರಿಸಿದ ಮನ್ನಣೆಯ ಒಂದಂಶವನ್ನಾದರೂ ವೃದ್ಧ ಚಿತ್ರಕಾರನ ಕುಂಚ ಅದಕ್ಕೆ 20 ವರ್ಷ ಮೊದಲೇ ನೀಡಿತ್ತು. ಪಟದ ಕೇಂದ್ರಬಿಂದು ಕರ್ನಲ್‌ನೇ ಆದರೂ, ಓಲೆಗರಿ ಇರುವುದು ಮಾತ್ರ ಧರ್ಮಯ್ಯನ ಕೈಯಲ್ಲಿ.